ಸ್ತನ ಕ್ಯಾನ್ಸರ್‌ನಲ್ಲಿ ಮನಸ್ಸಿನ ಆಸರೆ: ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ

ತೀರ್ಥಹಳ್ಳಿಯ ಹತ್ತಿರದ ಊರಿನಿಂದ ಆಗುಂಬೆ ಘಾಟಿ ಇಳಿದು ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಹೋಗಿಬರುತ್ತಿದ್ದ ನನ್ನ ಚಿಕ್ಕಮ್ಮನಿಗೆ ಮೂರನೆಯ ಕೀಮೊ ಮುಗಿದು ನಾಲ್ಕನೆಯದು ಬರುವ ಹೊತ್ತಿಗೆ ಹೊಸದೊಂದು ತೊಂದರೆ ಶುರುವಾಯಿತು. ಔಷಧಿ ಮೈಗೆ ಹೋದ ಮೇಲೆ ಬರಬೇಕಾದ ವಾಂತಿ ಅದಕ್ಕೂ ಮೊದಲೇ ಬರತೊಡಗಿತು. ಘಾಟಿಯ ಹದಿನಾಲ್ಕು ತಿರುವುಗಳೇ ಕಾರಣವೆಂದು ಮನೆಯವರೆಲ್ಲ ತಿಳಿದೆವು. ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂರಿಸಿದೆವು, ಮೂಸಲು ನಿಂಬೆಹಣ್ಣು ಕೊಟ್ಟೆವು. ಆದರೆ ಐದನೆಯ ಸಲ, ಹೊರಡುವ ಹಿಂದಿನ ರಾತ್ರಿ, ಮಂಚದ ಮೇಲೆ ಚೀಲವಿಟ್ಟುಕೊಂಡು ಟವೆಲ್ಲು, ಫ್ಲಾಸ್ಕು, ರಿಪೋರ್ಟುಗಳ ನೀಲಿ ಫೈಲು ಎಂದು ಒಂದೊಂದಾಗಿ ತುಂಬಿಸುತ್ತಿರುವಾಗಲೇ ಅವರು ಸೆರಗನ್ನು ಬಾಯಿಗೊತ್ತಿಕೊಂಡು ಬಚ್ಚಲಿಗೆ ಓಡಿದರು. ಅಲ್ಲಿ ಘಾಟಿಯೂ ಇರಲಿಲ್ಲ, ಬಸ್ಸೂ ಇರಲಿಲ್ಲ. ಆ ನೀಲಿ ಫೈಲು ಕಣ್ಣಿಗೆ ಬಿದ್ದದ್ದೇ ಸಾಕಾಗಿತ್ತು.

ಇದು ಅವರೊಬ್ಬರಿಗೇ ಆದದ್ದಲ್ಲ, ನಾಟಕವಂತೂ ಅಲ್ಲ. ಕೀಮೊ ಪಡೆಯುವವರಲ್ಲಿ ಕೆಲವರಿಗೆ ಕಾಣಿಸಿಕೊಳ್ಳುವ ಈ ಮುಂಗಡ ವಾಕರಿಕೆಗೆ ವೈದ್ಯಶಾಸ್ತ್ರದಲ್ಲಿ ಸ್ಪಷ್ಟವಾದ ವಿವರಣೆಯಿದೆ. ಔಷಧಿಯಿಂದ ಹೊಟ್ಟೆ ತೊಳಸಿದಾಗಲೆಲ್ಲ ಆಸ್ಪತ್ರೆಯ ಸ್ಪಿರಿಟ್ಟಿನ ವಾಸನೆ, ಕೆಂಪು ದ್ರವದ ಬಾಟಲಿ, ಕೈಯಲ್ಲಿದ್ದ ಫೈಲು ಎಲ್ಲವೂ ಜೊತೆಯಲ್ಲಿಯೇ ಇರುತ್ತವೆ; ಮೂರು ನಾಲ್ಕು ಸಲ ಹೀಗಾದ ಮೇಲೆ ಮಿದುಳು ಅವೆರಡನ್ನೂ ಗಂಟುಹಾಕಿಬಿಡುತ್ತದೆ, ಆಮೇಲೆ ವಾಸನೆಯೊಂದೇ, ನೋಟವೊಂದೇ ವಾಂತಿ ಬರಿಸಲು ಸಾಲುತ್ತದೆ. ಒಮ್ಮೆ ಈ ಗಂಟು ಬಿದ್ದ ಮೇಲೆ ವಾಂತಿ ತಡೆಯುವ ಮಾತ್ರೆಗಳು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕೆಲಸ ಮಾಡುವುದು ಬೇರೆಯದೇ ಒಂದು ಚಿಕಿತ್ಸೆ: ಮೈಯ ಒಂದೊಂದು ಭಾಗವನ್ನೂ ಬಿಗಿಹಿಡಿದು ಸಡಿಲಿಸುವ ಅಭ್ಯಾಸ ಮಾಡಿಸಿ, ಆ ನೆಮ್ಮದಿಯ ಸ್ಥಿತಿಯಲ್ಲಿಯೇ ಆಸ್ಪತ್ರೆಯ ದಾರಿಯನ್ನು ಸ್ವಲ್ಪಸ್ವಲ್ಪವಾಗಿ ಕಲ್ಪಿಸಿಕೊಳ್ಳುವಂತೆ ಮಾಡುವುದು. 1982ರಲ್ಲಿಯೇ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಇದರ ಪ್ರಯೋಗದ ವರದಿ ಬಂದಿತ್ತು. ಚಿಕ್ಕಮ್ಮನಿಗೆ ಇದನ್ನು ಕಲಿಸಿದವರು ವಾರ್ಡಿನ ಒಬ್ಬ ನರ್ಸ್. ಎರಡು ಸಲ ಇಪ್ಪತ್ತಿಪ್ಪತ್ತು ನಿಮಿಷ ಪಕ್ಕದಲ್ಲಿ ಕುಳಿತು ಹೇಳಿಕೊಟ್ಟರು. ವಾಂತಿ ಪೂರ್ತಿ ನಿಲ್ಲಲಿಲ್ಲ. ಆದರೆ ‘ಇನ್ನು ನಾನು ಹೋಗಲ್ಲ, ಸಾಕು’ ಎನ್ನುತ್ತಿದ್ದವರು ಉಳಿದ ಕೀಮೊಗಳಿಗೆ ಹೋಗಿಬಂದರು.

ಕ್ಯಾನ್ಸರ್ ರೋಗಿಗೆ ‘ಮಾನಸಿಕ ಬೆಂಬಲ’ ಎಂದರೆ ಏನು ಎಂಬ ಪ್ರಶ್ನೆಗೆ ನನಗೆ ಸಿಕ್ಕಿರುವ ಅತ್ಯಂತ ಸ್ಪಷ್ಟ ಉತ್ತರ ಈ ಇಪ್ಪತ್ತು ನಿಮಿಷ. ನಮ್ಮಲ್ಲಿ ಆ ಪದಕ್ಕೆ ‘ಧೈರ್ಯ ಹೇಳುವುದು’ ಎಂಬ ಅರ್ಥ ಅಂಟಿಕೊಂಡುಬಿಟ್ಟಿದೆ. ಸುದ್ದಿ ತಿಳಿದ ನೆಂಟರು ಸೌತೆಕಾಯಿ, ಬಾಳೆಗೊನೆ ಹಿಡಿದುಕೊಂಡು ಬರುತ್ತಾರೆ, ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಾರೆ, ‘ಏನೂ ಆಗಲ್ಲ, ಧೈರ್ಯ ತಂದ್ಕೊ’ ಎಂದು ಹೇಳಿ ಎದ್ದು ಹೋಗುತ್ತಾರೆ. ಅವರ ಪ್ರೀತಿ ನಿಜವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮಾತು ಕೇಳಿದವಳು ಅಲ್ಲಿಂದ ಮುಂದೆ ತನ್ನ ಭಯವನ್ನು ಅವರೆದುರು ಹೇಳಿಕೊಳ್ಳಲಾರಳು, ಹೇಳಿದರೆ ಧೈರ್ಯಗೆಟ್ಟವಳಾಗುತ್ತಾಳೆ. ಮಾನಸಿಕ ಆಸರೆ ಎಂಬುದು ಪದ್ಧತಿಯಿರುವ, ಕಲಿಯಬೇಕಾದ, ಅಳೆದು ನೋಡಬಹುದಾದ ಕೆಲಸ. ಅದರಲ್ಲಿ ರೋಗದ ಬಗ್ಗೆ ತಿಳಿಯುವ ಭಾಷೆಯಲ್ಲಿ ಹೇಳುವುದೂ ಸೇರುತ್ತದೆ, ಹೇಳಿದ್ದನ್ನು ಕೇಳಿಸಿಕೊಳ್ಳುವುದೂ ಸೇರುತ್ತದೆ, ವಾಂತಿ, ನಿದ್ರಾಹೀನತೆ, ಭಯ, ಖಿನ್ನತೆಗಳಿಗೆ ನಿರ್ದಿಷ್ಟ ಉಪಾಯಗಳನ್ನು ಕಲಿಸುವುದೂ, ಬೇಕಾದಾಗ ಮಾತ್ರೆ ಕೊಡುವುದೂ ಸೇರುತ್ತವೆ.

ಈ ಕೆಲಸ ಎಷ್ಟು ಜನರಿಗೆ ಬೇಕು ಎಂಬುದನ್ನು ನೋಡಬೇಕಾದರೆ ಮೊದಲು ರೋಗದ ವಿಸ್ತಾರ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗದ 2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ಒಂದು ವರ್ಷ ಸುಮಾರು 23 ಲಕ್ಷ ಮಹಿಳೆಯರಲ್ಲಿ, ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ನಮ್ಮ ದೇಶದಲ್ಲಿ ಸುಮಾರು 98 ಸಾವಿರ ಮಂದಿ ಅದೇ ವರ್ಷ ಈ ರೋಗದಿಂದ ತೀರಿಕೊಂಡರು. ಎಲ್ಲ ಬಗೆಯ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಆಸ್ಪತ್ರೆಗೆ ಬರುವ ಕ್ಯಾನ್ಸರ್ ರೋಗಿಗಳಲ್ಲಿ ಹೆಚ್ಚುಕಡಿಮೆ ಆರರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಇರುತ್ತದೆ. ಹಾಗೆಂದರೆ ಉಳಿದ ಐವರಿಗೆ ಆ ಮಟ್ಟದ ಖಿನ್ನತೆ ಇರುವುದಿಲ್ಲ ಎಂದೂ ಆಯಿತು. ಅಳುವುದು, ಕೆಲವು ವಾರ ನಿದ್ದೆ ಬಾರದಿರುವುದು, ಸಿಟ್ಟು ಬರುವುದು ಇವೆಲ್ಲ ದೊಡ್ಡ ಪೆಟ್ಟು ಬಿದ್ದಾಗ ಯಾರಿಗಾದರೂ ಆಗುವಂಥವು. ಅವಕ್ಕೆ ಕೇಳುವ ಕಿವಿ ಸಾಕು, ಮಾತ್ರೆ ಬೇಡ.

ಯಾರಿಗೆ ಹೇಳಬೇಕು

ಆಸರೆ ಶುರುವಾಗುವುದು ಅಥವಾ ಮುರಿದುಬೀಳುವುದು ರೋಗದ ಹೆಸರು ಹೇಳುವ ಹೊತ್ತಿನಲ್ಲಿ. ಮೊದಲು ತೋರಿಸಿದ ಕಡೆ ಬಯಾಪ್ಸಿ ವರದಿ ಬಂದ ದಿನ ಚಿಕ್ಕಮ್ಮನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಚಿಕ್ಕಪ್ಪನನ್ನು ಮಾತ್ರ ಒಳಗೆ ಕರೆದರು. ಚಿಕ್ಕಪ್ಪ ಹೊರಗೆ ಬಂದು ‘ಸಣ್ಣ ಗಂಟು, ತೆಗಿಬೇಕಂತೆ’ ಎಂದಷ್ಟೇ ಹೇಳಿದರು. ಎಷ್ಟೋ ತಿಂಗಳ ಮೇಲೆ ಚಿಕ್ಕಮ್ಮ ನನ್ನೊಡನೆ ಆಡಿದ ಮಾತು ಇದು: ‘ಮೈ ನಂದು, ಗಂಟು ನಂದು. ಆದ್ರೆ ಏನಾಗಿದೆ ಅಂತ ನಂಗೊಬ್ಳಿಗೇ ಗೊತ್ತಿರ್ಲಿಲ್ಲ ಕಣೆ. ಎಲ್ರ ಮುಖ ನೋಡಿ ನಾನೇ ಲೆಕ್ಕ ಹಾಕ್ಕೊಂಡೆ.’

ರೋಗಿಗೆ ಗೊತ್ತಾದರೆ ಕುಸಿದುಬಿಡುತ್ತಾಳೆ ಎಂಬ ಕಾಳಜಿಯಿಂದ ಮನೆಯವರು ಮುಚ್ಚಿಡುತ್ತಾರೆ. ಮನೆಯವರು ಕುಸಿಯಬಾರದೆಂದು ರೋಗಿಯೂ ಗೊತ್ತಿಲ್ಲದವಳಂತೆ ಇರುತ್ತಾಳೆ. ಭಾರತದಲ್ಲಿ ಉಪಶಾಮಕ ಚಿಕಿತ್ಸೆಯಲ್ಲಿ, ಅಂದರೆ ರೋಗಿಯ ನೋವು, ಸಂಕಟಗಳನ್ನು ತಗ್ಗಿಸುವ ಆರೈಕೆಯಲ್ಲಿ ತೊಡಗಿರುವ ವೈದ್ಯರು ದಿನವೂ ಎದುರಿಸುವ ಪರಿಸ್ಥಿತಿ ಇದು. ಇಬ್ಬರೂ ಒಂದೇ ಮನೆಯಲ್ಲಿ ಒಂದೇ ವಿಷಯವನ್ನು ಬೇರೆಬೇರೆಯಾಗಿ ಹೊರುತ್ತಾರೆ. ಇಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರು ಮನೆಯವರನ್ನು ಬೈಯುವುದಿಲ್ಲ, ರೋಗಿಯ ತಲೆಯ ಮೇಲೆ ಸತ್ಯವನ್ನು ಸುರಿಯುವುದೂ ಇಲ್ಲ. ಮೊದಲು ರೋಗಿಯನ್ನೇ ಕೇಳುತ್ತಾರೆ: ನಿಮಗೆ ಏನಾಗಿದೆ ಎಂದು ನೀವು ತಿಳಿದಿದ್ದೀರಿ? ಇನ್ನೂ ಎಷ್ಟು ತಿಳಿದುಕೊಳ್ಳಬೇಕು ಅನ್ನಿಸುತ್ತದೆ? ಎಲ್ಲವನ್ನೂ ನಿಮಗೇ ಹೇಳಬೇಕೋ, ಮನೆಯವರು ಯಾರಾದರೂ ಜೊತೆಗಿರಬೇಕೋ? ಬಹಳ ಸಲ ಆಕೆಗೆ ಅರ್ಧಕ್ಕಿಂತ ಹೆಚ್ಚು ಗೊತ್ತಿರುತ್ತದೆ, ಮತ್ತು ಗೊತ್ತಿರುವುದಕ್ಕಿಂತ ಕೆಟ್ಟದ್ದನ್ನು ಊಹಿಸಿಕೊಂಡಿರುತ್ತಾಳೆ.

ಮಾತಿನ ಸಂಗತಿಗೆ ಬಂದಾಗ ಹೇಳಲೇಬೇಕಾದ ಇನ್ನೊಂದು ವಿಷಯವಿದೆ. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆಯ ಜನ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಆಸ್ಪತ್ರೆಯ ಸಿಬ್ಬಂದಿಯೂ ಸುಲಭವಾಗಲಿ ಎಂದು ಅದನ್ನೇ ಬಳಸುತ್ತಾರೆ. ಆದರೆ ಗುಡುಗು ಸಿಡಿಲಿನ ಊರಿನಲ್ಲಿ, ತೋಟದ ಪಂಪ್‌ಸೆಟ್ಟಿನ ಶಾಕ್ ಹೊಡೆಸಿಕೊಂಡು ಗೊತ್ತಿರುವ ಹೆಂಗಸಿನ ಮನಸ್ಸಿನಲ್ಲಿ ಆ ಪದ ಮೂಡಿಸುವ ಚಿತ್ರ ಯಾವುದು? ತನ್ನ ಎದೆಗೆ ತಂತಿ ಸಿಕ್ಕಿಸಿ ವಿದ್ಯುತ್ ಹರಿಸುತ್ತಾರೆ ಎಂದು ನಂಬಿ ಹತ್ತು ದಿನ ನಿದ್ದೆಗೆಟ್ಟವರನ್ನು ನಾನು ಕಂಡಿದ್ದೇನೆ. ಎಕ್ಸರೇ ತೆಗೆಯುವ ಹಾಗೆಯೇ ಮೇಜಿನ ಮೇಲೆ ಮಲಗಿಸುತ್ತಾರೆ, ಯಂತ್ರ ಮೈಗೆ ತಗಲುವುದಿಲ್ಲ, ಕಿರಣ ಬೀಳುವ ಕೆಲವು ನಿಮಿಷ ನೋವಾಗುವುದಿಲ್ಲ, ವಾರಗಳು ಕಳೆದಂತೆ ಚರ್ಮ ಕೆಂಪಾಗಿ ಉರಿಯಬಹುದು, ಮನೆಗೆ ಬಂದು ಮೊಮ್ಮಕ್ಕಳನ್ನು ಎತ್ತಿಕೊಂಡರೆ ಅವರಿಗೆ ಏನೂ ಆಗುವುದಿಲ್ಲ ಎಂದು ಯಾರಾದರೂ ಎರಡು ನಿಮಿಷ ಬಿಡಿಸಿ ಹೇಳಿದ್ದರೆ ಆ ಹತ್ತು ರಾತ್ರಿಗಳು ಉಳಿಯುತ್ತಿದ್ದವು. ಹಾಗೆಯೇ ಕ್ಯಾನ್ಸರ್ ಅಂಟುವುದಿಲ್ಲ, ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ ಎಂಬುದನ್ನು ರೋಗಿಗೆ ಹೇಳುವುದಕ್ಕಿಂತ ಮನೆಯವರಿಗೆ ಹೇಳುವುದು ಮುಖ್ಯ. ಬೇರೆ ತಟ್ಟೆಯಲ್ಲಿ ಊಟ ಬಡಿಸಿಕೊಂಡವಳಿಗೆ ಯಾವ ಆಪ್ತಸಮಾಲೋಚನೆಯೂ ನಾಟುವುದಿಲ್ಲ.

ಆಯುಸ್ಸು ಹೆಚ್ಚುತ್ತದೆಯೇ

ಮನಸ್ಸು ಗಟ್ಟಿಯಿದ್ದರೆ ಕ್ಯಾನ್ಸರನ್ನೂ ಗೆಲ್ಲಬಹುದು ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದಕ್ಕೆ ವಿಜ್ಞಾನದಲ್ಲಿ ಒಂದು ಕಥೆಯೇ ಇದೆ, ಅದನ್ನು ಪೂರ್ತಿ ಹೇಳುವವರು ಕಡಿಮೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವೈದ್ಯ ಡೇವಿಡ್ ಸ್ಪೀಗೆಲ್ ಮತ್ತು ಸಂಗಡಿಗರು ದೇಹದ ಬೇರೆ ಭಾಗಗಳಿಗೂ ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಎಲ್ಲರಿಗೂ ಮಾಮೂಲಿ ಚಿಕಿತ್ಸೆ ನಡೆಯುತ್ತಿತ್ತು. ಒಂದು ಗುಂಪಿನವರು ಮಾತ್ರ ಅದರ ಜೊತೆಗೆ ಒಂದು ವರ್ಷ ಕಾಲ ವಾರಕ್ಕೊಮ್ಮೆ ಒಂದೂವರೆ ಗಂಟೆ ಸೇರಿ, ತಮ್ಮ ಭಯ, ನೋವು, ಸಾವಿನ ಯೋಚನೆಗಳನ್ನು ಮುಚ್ಚುಮರೆಯಿಲ್ಲದೆ ಮಾತಾಡಿಕೊಳ್ಳುತ್ತಿದ್ದರು. ಉದ್ದೇಶವಿದ್ದದ್ದು ಅವರ ನೋವು, ಕಳವಳ ಕಡಿಮೆಯಾಗುತ್ತದೆಯೇ ಎಂದು ನೋಡುವುದು. ಹತ್ತು ವರ್ಷದ ಮೇಲೆ ಲೆಕ್ಕ ತೆಗೆದಾಗ ಆ ಗುಂಪಿನವರು ಸರಾಸರಿ 36.6 ತಿಂಗಳು, ಉಳಿದವರು 18.9 ತಿಂಗಳು ಬದುಕಿದ್ದು ಕಂಡುಬಂತು. 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಜಗತ್ತೇ ಬೆರಗಾಯಿತು.

ಆದರೆ ಒಂದು ಸಣ್ಣ ಪ್ರಯೋಗದಲ್ಲಿ ಕಂಡದ್ದು ಮತ್ತೆಮತ್ತೆ ಕಾಣಬೇಕು. ಕೆನಡಾದಲ್ಲಿ ಪಮೇಲಾ ಗುಡ್ವಿನ್ ನೇತೃತ್ವದ ತಂಡ 235 ಮಹಿಳೆಯರೊಂದಿಗೆ ಅದೇ ಬಗೆಯ ಗುಂಪು ಚಿಕಿತ್ಸೆಯನ್ನು ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿತು. ಗುಂಪಿನಲ್ಲಿದ್ದವರು 17.9 ತಿಂಗಳು, ಇಲ್ಲದವರು 17.6 ತಿಂಗಳು ಬದುಕಿದ್ದರು. ಅಂದರೆ ವ್ಯತ್ಯಾಸವೇ ಇಲ್ಲ. 2007ರಲ್ಲಿ ಸ್ಪೀಗೆಲ್ ಅವರೇ 125 ಮಹಿಳೆಯರೊಂದಿಗೆ ಮತ್ತೆ ಮಾಡಿದ ಪ್ರಯೋಗದಲ್ಲಿಯೂ ಒಟ್ಟಾರೆಯಾಗಿ ಆಯುಸ್ಸು ಹೆಚ್ಚಲಿಲ್ಲ. ಆಸ್ಟ್ರೇಲಿಯಾದಲ್ಲಿ ನಡೆದ ಅಂಥದೇ ಪ್ರಯೋಗವೊಂದೂ ಅದೇ ವರ್ಷ ಅದನ್ನೇ ಹೇಳಿತು. ಇದಕ್ಕೆ ವಿರುದ್ಧವಾಗಿ, ರೋಗ ಇನ್ನೂ ದೂರದ ಅಂಗಗಳಿಗೆ ಹರಡದ 227 ಮಹಿಳೆಯರ ಮೇಲೆ ಅಮೆರಿಕದ ಒಹಾಯೊದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ, ಆಸರೆ ಪಡೆದವರಲ್ಲಿ ರೋಗ ಮರುಕಳಿಸಿದ್ದೂ ಸಾವೂ ಕಡಿಮೆಯೆಂದು ಕಂಡುಕೊಂಡಿತು. ಅದರ ಲೆಕ್ಕಾಚಾರದ ಬಗ್ಗೆ ತಜ್ಞರಲ್ಲಿ ಚರ್ಚೆ ನಡೆದಿದೆ. ಇವೆಲ್ಲವನ್ನೂ ಎದುರಿಗಿಟ್ಟುಕೊಂಡು ನೋಡಿದರೆ, ಮಾತಿನಿಂದ ಗಡ್ಡೆ ಕರಗುತ್ತದೆ ಎಂದು ಯಾರಿಗೂ ಭರವಸೆ ಕೊಡಲು ಆಧಾರವಿಲ್ಲ ಎಂದೇ ನಾನು ತಿಳಿಯುತ್ತೇನೆ.

ಹಾಗಾದರೆ ಆ ಗುಂಪುಗಳು ವ್ಯರ್ಥವೇ? ಕೆನಡಾದ ಅದೇ ವರದಿಯನ್ನು ಮುಂದೆ ಓದಬೇಕು. ಗುಂಪಿನಲ್ಲಿದ್ದವರ ಮನಸ್ಸಿನ ಕಳವಳ ಕಡಿಮೆಯಾಯಿತು, ನೋವಿನ ಅನುಭವವೂ ಕಡಿಮೆಯಾಯಿತು, ಮತ್ತು ಈ ಲಾಭ ಹೆಚ್ಚಾಗಿ ದಕ್ಕಿದ್ದು ಆರಂಭದಲ್ಲಿ ಹೆಚ್ಚು ಸಂಕಟದಲ್ಲಿದ್ದವರಿಗೆ. ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಖಿನ್ನತೆ ಇದ್ದವರಿಗೆ ಕಡಿಮೆಯಾಯಿತು, ಇಲ್ಲದವರಿಗೆ ಬರುವುದು ತಪ್ಪಿತು. ನಮ್ಮ ಬೆಂಗಳೂರಿನಲ್ಲಿಯೇ ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ ಮಹಿಳೆಯರ ಮೇಲೆ ನಡೆದ ಯೋಗದ ಪ್ರಯೋಗಗಳಲ್ಲಿ ಆತಂಕವೂ ಕೀಮೊದ ವಾಕರಿಕೆಯೂ ಇಳಿದವು. ಹದಿನೆಂಟು ತಿಂಗಳು ಬದುಕುವುದಾದರೆ ಆ ಹದಿನೆಂಟು ತಿಂಗಳು ಹೇಗಿರುತ್ತವೆ ಎಂಬುದು ಸಣ್ಣ ವಿಷಯವಲ್ಲ.

‘ಹೋರಾಡಿದರೆ ಗೆಲ್ಲುತ್ತೀರಿ’ ಎಂಬ ಮಾತಿಗೆ ಇನ್ನೊಂದು ಮುಖವಿದೆ, ಅದು ಕ್ರೂರವಾದದ್ದು: ರೋಗ ಮರುಕಳಿಸಿದವಳು ಸರಿಯಾಗಿ ಹೋರಾಡಲಿಲ್ಲ ಎಂದಾಗುತ್ತದೆ. ಬ್ರಿಟನ್ನಿನಲ್ಲಿ ಆರಂಭದ ಹಂತದ ಸ್ತನ ಕ್ಯಾನ್ಸರ್ ಇದ್ದ 578 ಮಹಿಳೆಯರನ್ನು ಐದು ವರ್ಷ ಗಮನಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೋರಾಟದ ಮನೋಭಾವ ಹೆಚ್ಚಿದ್ದವರಿಗೆ ಅದರಿಂದ ಆಯುಸ್ಸಿನ ಲಾಭವೇನೂ ಕಾಣಲಿಲ್ಲ. ತೀವ್ರವಾದ ಹತಾಶೆ, ಅಸಹಾಯಕತೆ ಇದ್ದವರ ಫಲಿತಾಂಶ ಮಾತ್ರ ಕೆಟ್ಟದಾಗಿತ್ತು. ಇದರ ಜೊತೆಗೇ ಬರುವ ಮಾತು, ‘ಚಿಂತೆ ಮಾಡಿ ಮಾಡಿಯೇ ಈ ಕಾಯಿಲೆ ಬಂತು.’ ಗಂಡನ ಸಾಲ, ಮಗಳ ಮದುವೆ, ಕೊಳೆ ರೋಗಕ್ಕೆ ಅಡಿಕೆ ಉದುರಿದ ವರ್ಷ ಎಂದು ಹೆಂಗಸರು ತಮ್ಮ ಬದುಕನ್ನೆಲ್ಲ ಕೆದಕಿ ಕಾರಣ ಹುಡುಕುತ್ತಾರೆ. ಬ್ರಿಟನ್ನಿನ 1 ಲಕ್ಷ 6 ಸಾವಿರ ಮಹಿಳೆಯರನ್ನು ಹಿಂಬಾಲಿಸಿದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನಸ್ಸಿನ ಒತ್ತಡಕ್ಕೂ ಸ್ತನ ಕ್ಯಾನ್ಸರ್ ಬರುವುದಕ್ಕೂ ಒಟ್ಟಾರೆ ಸಂಬಂಧ ಕಾಣಲಿಲ್ಲ. ಇದನ್ನು ರೋಗಿಯ ಕಿವಿಗೆ ತಲುಪಿಸುವುದೇ ಒಂದು ಚಿಕಿತ್ಸೆ. ಅವಳ ತಪ್ಪಿಲ್ಲ.

ಮನಸ್ಸು ರೋಗದ ಹಾದಿಯನ್ನು ಖಂಡಿತವಾಗಿ ಮುಟ್ಟುವ ಜಾಗ ಬೇರೆಯಿದೆ. ಶಸ್ತ್ರಚಿಕಿತ್ಸೆಯ ನಂತರ ಕೀಮೊ ತೆಗೆದುಕೊಳ್ಳಿ ಎಂದು ವೈದ್ಯರು ಹೇಳಿದಾಗ ಯಾರು ಒಪ್ಪುತ್ತಾರೆ ಎಂದು ನೋಡಿದ, 2000ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ವರದಿಯಲ್ಲಿ, ಖಿನ್ನತೆ ಇಲ್ಲದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಒಪ್ಪಿದರೆ ಖಿನ್ನತೆಯಲ್ಲಿದ್ದವರಲ್ಲಿ ಒಪ್ಪಿದವರು ಸುಮಾರು ಅರ್ಧದಷ್ಟು. ಬೇರೆಬೇರೆ ರೋಗಗಳ ಅಧ್ಯಯನಗಳನ್ನು ಸೇರಿಸಿದ ಅದೇ ವರ್ಷದ ಇನ್ನೊಂದು ವಿಶ್ಲೇಷಣೆಯಂತೆ, ಖಿನ್ನತೆಯಿರುವ ರೋಗಿ ಚಿಕಿತ್ಸೆಯನ್ನು ಹೇಳಿದಂತೆ ಪಾಲಿಸದಿರುವ ಸಂಭವ ಸುಮಾರು ಮೂರು ಪಟ್ಟು. ಟಾಮೋಕ್ಸಿಫೆನ್‌ನಂತಹ ಹಾರ್ಮೋನು ಮಾತ್ರೆಯನ್ನು ಐದು ವರ್ಷ, ಕೆಲವರು ಹತ್ತು ವರ್ಷ ದಿನವೂ ನುಂಗಬೇಕು. ಅದು ರೋಗ ಮರುಕಳಿಸುವ ಸಂಭವವನ್ನು ಕಡಿಮೆ ಮಾಡುತ್ತದೆ, ಆದರೆ ಮೈ ಧಗ್ಗೆಂದು ಬಿಸಿಯೇರಿ ಬೆವರುವುದು, ನಿದ್ದೆಗೆಡುವುದು ಇದರಿಂದಲೇ. ಹೊಸನಗರದ ಒಳಹಳ್ಳಿಯೊಂದರಿಂದ, ಜುಲೈ ತಿಂಗಳ ಮಳೆಯಲ್ಲಿ, ಹಳ್ಳದ ಕಾಲುಸಂಕ ದಾಟಿ, ಬೆಳಗಿನ ಮೊದಲ ಬಸ್ಸು ಹಿಡಿದು ಚಿಕಿತ್ಸೆಗೆ ಹೋಗುವುದಕ್ಕೆ ಆರೋಗ್ಯವಂತರಿಗೂ ಮನಸ್ಸು ಬೇಕು. ‘ಇನ್ನೇನಿದೆ, ಯಾಕೆ ಬೇಕು’ ಎಂಬ ಯೋಚನೆ ಒಳಗೆ ಕುಳಿತವಳು ಆ ಬಸ್ಸು ಹತ್ತುವುದಿಲ್ಲ. ಅವಳನ್ನು ಬಸ್ಸು ಹತ್ತಿಸುವ ಆಸರೆ, ಔಷಧಿಯ ಫಲವನ್ನು ಅವಳಿಗೆ ತಲುಪಿಸುವ ಆಸರೆ.

ಖಿನ್ನತೆಯನ್ನು ಗುರುತಿಸುವುದು

ಕ್ಯಾನ್ಸರ್ ರೋಗಿಯಲ್ಲಿ ಖಿನ್ನತೆ ಕಣ್ತಪ್ಪುವುದು ಸುಲಭ, ಏಕೆಂದರೆ ಸುಸ್ತು, ಹಸಿವಿಲ್ಲದಿರುವುದು, ನಿದ್ದೆ ಬಾರದಿರುವುದು ಎಲ್ಲವನ್ನೂ ಕೀಮೊ ಕೂಡ ಮಾಡುತ್ತದೆ. ಆದ್ದರಿಂದ ನೋಡಬೇಕಾದದ್ದು ಮೈಯ ಲಕ್ಷಣಗಳಿಗಿಂತ ಮನಸ್ಸಿನವು. ಸುಸ್ತಾಗಿ ಮಲಗಿದ್ದವಳು ಮೊಮ್ಮಗು ಬಂದಾಗ ಮುಖ ಅರಳಿಸುತ್ತಾಳೆಯೇ? ಒಳ್ಳೆಯ ದಿನ ಎಂಬುದು ವಾರದಲ್ಲಿ ಒಂದಾದರೂ ಇದೆಯೇ? ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ತಾನು ಮನೆಗೆ ಭಾರವೆಂದು ಹೇಳುತ್ತ, ಇರುವುದಕ್ಕಿಂತ ಹೋಗುವುದೇ ವಾಸಿ ಎನ್ನುತ್ತಿದ್ದರೆ ಅದನ್ನು ‘ಬೇಜಾರು’ ಎಂದು ತಳ್ಳಿಹಾಕಬಾರದು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಅಂಜಿಕೆ ಅನೇಕರಿಗಿದೆ; ಹಾಗಾಗುವುದಿಲ್ಲ, ಕೇಳಿದಾಗ ಬಹಳ ಮಂದಿಗೆ ಹಗುರವಾಗುತ್ತದೆ. ಆಸ್ಪತ್ರೆಗಳಲ್ಲಿ ಬಳಸಲು ಸರಳ ಅಳತೆಗಳಿವೆ: ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿ, ಇನ್ನೊಂದು, ಜ್ವರಮಾಪಕದ ಚಿತ್ರ ಕೊಟ್ಟು ‘ಕಳೆದ ವಾರದ ನಿಮ್ಮ ಸಂಕಟ ಸೊನ್ನೆಯಿಂದ ಹತ್ತರವರೆಗೆ ಎಷ್ಟು’ ಎಂದು ಗುರುತು ಹಾಕಿಸುವುದು. ನಾಲ್ಕು ಅಥವಾ ಅದಕ್ಕಿಂತ ಮೇಲಿದ್ದರೆ ಮುಂದೆ ವಿಚಾರಿಸಬೇಕು. ಬರೆಯಲು ಬಾರದವರೂ ಇದನ್ನು ಬೆರಳಿಟ್ಟು ತೋರಿಸಬಲ್ಲರು.

ಚಿಕಿತ್ಸೆಯಲ್ಲಿ ನನಗೆ ಬಹಳ ಅರ್ಥಪೂರ್ಣವಾಗಿ ಕಂಡಿರುವುದು ಚಟುವಟಿಕೆಯನ್ನು ಮರಳಿ ತರುವ ವಿಧಾನ. ಅದರ ತರ್ಕ ಹೀಗಿದೆ. ಮನಸ್ಸು ಕುಗ್ಗಿದಾಗ ಕೆಲಸ ಬಿಡುತ್ತೇವೆ. ಕೆಲಸ ಬಿಟ್ಟಾಗ ಅದರಿಂದ ಸಿಗುತ್ತಿದ್ದ ಸಣ್ಣ ಸಮಾಧಾನಗಳೂ ಜನರ ಒಡನಾಟವೂ ನಿಲ್ಲುತ್ತವೆ. ಅವು ನಿಂತಾಗ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಮನಸ್ಸು ಸರಿಯಾದ ಮೇಲೆ ಎದ್ದೇಳುತ್ತೇನೆ ಎಂದು ಕಾಯುವ ಬದಲು, ಇಷ್ಟವಿಲ್ಲದಿದ್ದರೂ ಅಳತೆ ಮಾಡಿದ ಸಣ್ಣ ಕೆಲಸದಿಂದ ಶುರುಮಾಡಬೇಕು. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೆ ಕೂರುತ್ತಿದ್ದವಳಿಗೆ ಶಸ್ತ್ರಚಿಕಿತ್ಸೆಯಾದ ಕೈಯಿಂದ ಈಗ ಅದು ಸಾಧ್ಯವಿಲ್ಲ. ಆದರೆ ಸುಲಿಯುವವರ ನಡುವೆ ಅರ್ಧ ಗಂಟೆ ಕುಳಿತು ಮಾತಾಡಬಹುದು, ಮರುದಿನ ಸುಲಿದದ್ದನ್ನು ಒಂದು ಬುಟ್ಟಿ ಆರಿಸಬಹುದು. ಮನೆಯವರು ‘ನೀನು ಮಲಕ್ಕೊ, ಏನೂ ಮಾಡ್ಬೇಡ’ ಎಂದು ಪ್ರೀತಿಯಿಂದ ಕೋಣೆಗೆ ಕಳಿಸುವುದು ಬಹಳ ಸಲ ಈ ಸುಳಿಯನ್ನು ಆಳವಾಗಿಸುತ್ತದೆ.

ಇದಕ್ಕೆಲ್ಲ ದೊಡ್ಡ ತಜ್ಞರೇ ಬೇಕೆಂದಿಲ್ಲ ಎಂಬುದಕ್ಕೆ ಒಳ್ಳೆಯ ಪುರಾವೆಗಳಿವೆ. ಸ್ಕಾಟ್ಲೆಂಡಿನಲ್ಲಿ ಖಿನ್ನತೆಯಿದ್ದ 500 ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮನೋವೈದ್ಯರ ಮೇಲ್ವಿಚಾರಣೆಯಲ್ಲಿ ತರಬೇತಾದ ಕ್ಯಾನ್ಸರ್ ನರ್ಸ್‌ಗಳು ನಡೆಸಿದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 62 ಮಂದಿಯ ಖಿನ್ನತೆ ಅರ್ಧಕ್ಕಿಂತ ಕೆಳಗಿಳಿಯಿತು. ಮಾಮೂಲಿ ವ್ಯವಸ್ಥೆಯಲ್ಲಿದ್ದವರಲ್ಲಿ ಅದು 17 ಮಂದಿಗೆ ಮಾತ್ರ. ನಮ್ಮ ಪಕ್ಕದ ಗೋವಾದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ ಖಿನ್ನತೆಯ ರೋಗಿಗಳಿಗೆ, ಕ್ಯಾನ್ಸರ್ ರೋಗಿಗಳಿಗೆಂದೇ ಅಲ್ಲದಿದ್ದರೂ, ಮನೋವಿಜ್ಞಾನದ ಪದವಿಯಿಲ್ಲದ ಸ್ಥಳೀಯರೇ ತರಬೇತಿ ಪಡೆದು ಇದೇ ಚಟುವಟಿಕೆಯ ವಿಧಾನವನ್ನು ಆರೆಂಟು ಭೇಟಿಗಳಲ್ಲಿ ಕಲಿಸಿ ಯಶಸ್ವಿಯಾದರು. ಅದು 2017ರಲ್ಲಿ ಪ್ರಕಟವಾಯಿತು. ತೀವ್ರ ಖಿನ್ನತೆಗೆ ಮಾತ್ರೆ ಬೇಕಾಗುತ್ತದೆ, ಅದಕ್ಕೆ ಹಿಂಜರಿಯಬೇಕಾಗಿಲ್ಲ. ಆದರೆ ಟಾಮೋಕ್ಸಿಫೆನ್ ತೆಗೆದುಕೊಳ್ಳುತ್ತಿರುವವರು ಅದನ್ನು ಮನೋವೈದ್ಯರಿಗೆ ಹೇಳಲೇಬೇಕು: ಪ್ಯಾರಾಕ್ಸೆಟಿನ್, ಫ್ಲುವಾಕ್ಸೆಟಿನ್‌ನಂತಹ ಕೆಲವು ಮಾತ್ರೆಗಳು ಟಾಮೋಕ್ಸಿಫೆನ್ ದೇಹದಲ್ಲಿ ತನ್ನ ಕೆಲಸದ ರೂಪಕ್ಕೆ ಬದಲಾಗುವುದನ್ನು ತಡೆಯುತ್ತವೆ, ಆದ್ದರಿಂದ ವೈದ್ಯರು ಸಾಮಾನ್ಯವಾಗಿ ಬೇರೆಯದನ್ನು ಆರಿಸುತ್ತಾರೆ.

ಮೈಯ ವಿಷಯ ಯಾರೂ ಎತ್ತುವುದಿಲ್ಲ. ಸ್ತನ ತೆಗೆದ ಮೇಲೆ ಚಿಕ್ಕಮ್ಮ ಮೂರು ತಿಂಗಳು ಯಾವ ಮದುವೆಗೂ ಹೋಗಲಿಲ್ಲ; ಸುಸ್ತು ಎನ್ನುತ್ತಿದ್ದರು. ನಿಜವಾದ ಕಾರಣ ಬ್ಲೌಸು. ಹತ್ತಿ ತುಂಬಿದರೆ ಹಗುರವಾಗಿ ಆ ಬದಿ ಮೇಲೇರುತ್ತಿತ್ತು, ಸೆರಗು ಎಷ್ಟು ಹೊದ್ದರೂ ಕಾಣುತ್ತದೆ ಎಂಬ ಅಳುಕು. ಕೊನೆಗೆ ಊರಿನ ಟೈಲರ್ ಹೆಂಗಸೊಬ್ಬರು ಬ್ಲೌಸಿನ ಒಳಗೆ ಜೇಬು ಹೊಲಿದು, ಹಳೆಯ ಪಂಚೆಯ ಬಟ್ಟೆಯಲ್ಲಿ ಸಾಸಿವೆ ತುಂಬಿದ ಚೀಲವೊಂದನ್ನು ತೂಕ ನೋಡಿ ಮಾಡಿಕೊಟ್ಟರು. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತಿತ್ತು, ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತಿತ್ತು. ಆದರೂ ಅದನ್ನು ಹಾಕಿಕೊಂಡ ವಾರವೇ ಅವರು ನಾದಿನಿಯ ಮಗನ ಉಪನಯನಕ್ಕೆ ಹೋದರು. ಸಿಲಿಕೋನಿನ ಕೃತಕ ಸ್ತನಗಳು, ಅದಕ್ಕೆಂದೇ ಹೊಲಿದ ಒಳಉಡುಪುಗಳು ಸಿಗುತ್ತವೆ ಎಂದು ಆಸ್ಪತ್ರೆಯಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ಗಂಡನೊಡನೆ ಮಲಗುವ ವಿಷಯವಂತೂ ದೂರವೇ ಉಳಿಯಿತು. ಗಂಡ ನೋವಾದೀತೆಂದು ದೂರ ಸರಿಯುತ್ತಾನೆ, ಹೆಂಡತಿ ಅಸಹ್ಯವಾಯಿತೆಂದು ತಿಳಿಯುತ್ತಾಳೆ. ಒಬ್ಬ ಆಪ್ತಸಮಾಲೋಚಕಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಅರ್ಧ ಗಂಟೆ ಮಾತಾಡಿಸಿದರೆ ತಿಳಿಯಾಗುವ ಗೊಂದಲ ವರ್ಷಗಟ್ಟಲೆ ಉಳಿದುಬಿಡುತ್ತದೆ.

ನಮ್ಮ ಜಿಲ್ಲೆಯಲ್ಲಿ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಉತ್ತರಗಳಿವೆ. ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮದೇ ರಾಜ್ಯದ ಬಳ್ಳಾರಿಯಲ್ಲಿ ಪ್ರಯೋಗಿಸಿ ನೋಡಿದ ಮಾದರಿಯಿಂದ ಬೆಳೆದು 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಬೆಂಗಳೂರಿಗೆ ಹೋಗುವವರಿಗೆ, 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯೂ ನಿಮ್ಹಾನ್ಸೂ ಹೊಸೂರು ರಸ್ತೆಯಲ್ಲಿ ಹತ್ತಿರದಲ್ಲಿಯೇ ಇವೆ. ಮನೆಯಿಂದ ಹೊರಡಲಾಗದವರು 14416ಕ್ಕೆ ಕರೆ ಮಾಡಬಹುದು. ಅದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಗುಡ್ಡದ ಮನೆಗಳಲ್ಲಿ ಸಿಗ್ನಲ್ ಸಿಗುವ ಜಾಗ ಅಂಗಳದ ಒಂದು ಮೂಲೆ ಮಾತ್ರವಾಗಿರುತ್ತದೆ, ಅಲ್ಲಿ ನಿಂತು ಇಂಥ ಮಾತಾಡುವುದು ಸುಲಭವಲ್ಲ. ಯಾರಾದರೂ ಫೋನ್ ಹಚ್ಚಿಕೊಟ್ಟು ಸ್ವಲ್ಪ ದೂರ ಹೋಗಿ ನಿಂತರೆ ದೊಡ್ಡ ಉಪಕಾರ. ಗುಂಪಿನ ವಿಷಯಕ್ಕೆ ಬಂದರೆ, ವಾರಕ್ಕೊಮ್ಮೆ ಸೇರಿ ಲೆಕ್ಕ ಬರೆದು ಮಾತಾಡಿ ಏಳುವ ಅಭ್ಯಾಸ ನಮ್ಮ ಸ್ತ್ರೀಶಕ್ತಿ ಸಂಘಗಳ ಹೆಂಗಸರಿಗೆ ಚೆನ್ನಾಗಿ ಗೊತ್ತು. ತಾಲ್ಲೂಕಿನಲ್ಲಿ ಚಿಕಿತ್ಸೆ ಮುಗಿಸಿದ ಏಳೆಂಟು ಮಂದಿಯನ್ನು ಆರೋಗ್ಯ ಇಲಾಖೆಯ ಒಬ್ಬ ತರಬೇತಾದ ನರ್ಸ್ ತಿಂಗಳಿಗೊಮ್ಮೆ ಕೂಡಿಸುವುದು ಆಗದ ಕೆಲಸವಲ್ಲ, ಆಗಲೇಬೇಕಾದ ಕೆಲಸ.

ಚಿಕಿತ್ಸೆ ಮುಗಿದ ಮೇಲೆ ಉಳಿಯುವುದು ಮರಳಿ ಬಂದೀತೆಂಬ ಭಯ. ಬೆನ್ನು ನೋವಾದರೂ ಕೆಮ್ಮು ಬಂದರೂ ಅದೇ ಅನ್ನಿಸುತ್ತದೆ. ಯಾವ ಲಕ್ಷಣ ಎಷ್ಟು ದಿನ ಇದ್ದರೆ ತೋರಿಸಬೇಕು ಎಂದು ವೈದ್ಯರಿಂದ ಬರೆಸಿಟ್ಟುಕೊಂಡರೆ ಉಳಿದ ದಿನಗಳಿಗೆ ಸ್ವಲ್ಪ ಬಿಡುವು ಸಿಗುತ್ತದೆ.

ರೋಗ ಹರಡಿದ ಮೇಲೆ ಆಸರೆಯ ರೀತಿ ಬದಲಾಗುತ್ತದೆ. ಆಗಲೂ ನೋವಿಗೆ ಒಳ್ಳೆಯ ಔಷಧಿಗಳಿವೆ, ಅವನ್ನು ಕೇಳಿ ಪಡೆಯಬೇಕು. ಕೆನಡಾದ ಮನೋವೈದ್ಯ ಹಾರ್ವೆ ಚೊಚಿನೊವ್ 2005ರಲ್ಲಿ ಪ್ರಕಟಿಸಿದ ವಿಧಾನವೊಂದರಲ್ಲಿ, ಕೊನೆಯ ದಿನಗಳಲ್ಲಿರುವವರನ್ನು ತಮ್ಮ ಬದುಕಿನಲ್ಲಿ ಮುಖ್ಯವಾದದ್ದು ಯಾವುದು, ಮನೆಯವರು ಏನನ್ನು ನೆನಪಿಡಬೇಕು ಎಂದು ಕೇಳಿ, ಹೇಳಿದ್ದನ್ನು ಬರೆದು ಅವರ ಕೈಗೇ ಕೊಡುತ್ತಾರೆ. ನಮ್ಮ ನೆರೆಮನೆಯ ಹೆಂಗಸೊಬ್ಬರಿಗೆ ರೋಗ ಮೂಳೆಗೆ ಇಳಿದಿತ್ತು. ಮನೆಗೆ ಬರುತ್ತಿದ್ದ ಆರೋಗ್ಯ ಕಾರ್ಯಕರ್ತೆ ಒಂದು ದಿನ ‘ಅಕ್ಕ, ಎಲ್ಲಕ್ಕಿಂತ ಯಾವುದರ ಯೋಚನೆ ಜಾಸ್ತಿ’ ಎಂದು ಕೇಳಿದರು. ಸಾವು ಎನ್ನುತ್ತಾರೆಂದು ನಾವು ಉಸಿರು ಹಿಡಿದಿದ್ದೆವು. ಅವರು ಹೇಳಿದ್ದು ಅಪ್ಪೆಮಿಡಿ. ಆ ಮನೆಯ ಉಪ್ಪಿನಕಾಯಿ ನಾಲ್ಕು ವರ್ಷವಾದರೂ ಕೆಡುತ್ತಿರಲಿಲ್ಲ, ಅದರ ಹದ ಸೊಸೆಗೂ ಮಗಳಿಗೂ ಗೊತ್ತಿರಲಿಲ್ಲ. ಅಂದಿನಿಂದ ಮಧ್ಯಾಹ್ನ ನೋವಿನ ಮಾತ್ರೆ ಹಿಡಿದ ಮೇಲಿನ ಒಂದು ಗಂಟೆ ಮಗಳು ಶಾಲೆಯ ನೋಟ್‌ಬುಕ್ ಹಿಡಿದು ಕೂರುತ್ತಿದ್ದಳು: ತೊಟ್ಟು ಮುರಿಯದಂತೆ ಕೊಯ್ಯಿಸಬೇಕು, ಸೊನೆ ಹೋಗಬಾರದು, ಉಪ್ಪಿನಲ್ಲಿ ಮಿಡಿ ಚಿರುಟುವವರೆಗೆ ಕಾಯಬೇಕು, ಸಾಸಿವೆಗೆ ನೀರಿನ ಪಸೆ ತಾಗಬಾರದು. ನಡುನಡುವೆ ಉಪ್ಪಿನಕಾಯಿ ಬಿಟ್ಟು ಬೇರೆ ಮಾತುಗಳೂ ಬಂದವು, ಮದುವೆಯಾಗಿ ಬಂದ ವರ್ಷದ್ದು, ತೀರಿಕೊಂಡ ಮೊದಲ ಮಗುವಿನದು. ಮಗಳು ಅವನ್ನೂ ಬರೆದುಕೊಂಡಳು. ಪುಸ್ತಕದಲ್ಲಿ ಹತ್ತೊಂಬತ್ತು ಪುಟ ತುಂಬಿದವು. ಕೊನೆಯ ಪುಟದಲ್ಲಿ ಉಪ್ಪಿನ ಅಳತೆ ಎರಡು ಸಲ ಇದೆ, ಒಮ್ಮೆ ಮಗಳ ಅಕ್ಷರದಲ್ಲಿ, ಅದರ ಕೆಳಗೆ ನಡುಗುವ ಕೈಯಲ್ಲಿ ಅವರೇ ತಿದ್ದಿ ಬರೆದದ್ದು.